ಬಾವಿಯ ಮುಚ್ಚಳದ ನಾಲ್ಕು ಬೋಲ್ಟು

ಲಿವರ್‌ಮೋರಿನಲ್ಲಿ ದೇವದಾಸ ಕೊಂಡ ಮನೆಯ ಹಿತ್ತಲಲ್ಲಿ ಒಂದು ಬಾವಿ ಇತ್ತು. ಮನೆ ತೋರಿಸಲು ಬಂದ ಏಜೆಂಟು ಹೆಂಗಸು ಎಲ್ಲ ಕೋಣೆ ತೋರಿಸಿ ಮುಗಿಸಿದ ಮೇಲೆ, ಹೇಳದೆ ವಿಧಿಯಿಲ್ಲವಲ್ಲ ಎಂಬಂತೆ, ಅದನ್ನೂ ತೋರಿಸಿದ್ದಳು. ಬಹಳ ಹಿಂದೆ ಅಲ್ಲಿ ದ್ರಾಕ್ಷಿ ಬೆಳೆಯುತ್ತಿದ್ದ ಯಾರೋ ತೋಡಿಸಿದ್ದಂತೆ. ಅಡ್ಡಕ್ಕೆ ನಾಲ್ಕಡಿ ಬಾಯಿ, ಮೊಣಕಾಲೆತ್ತರದ ಕಟ್ಟೆ, ಕಟ್ಟೆಯ ಮೇಲೆ ಚೌಕನೆಯ ಕಬ್ಬಿಣದ ಮುಚ್ಚಳ, ಮುಚ್ಚಳದ ನಾಲ್ಕು ಮೂಲೆಗೆ ಹೆಬ್ಬೆರಳು ಗಾತ್ರದ ನಾಲ್ಕು ಬೋಲ್ಟು. ಬಾವಿ ಇದೆಯೆಂದು ಆ ಮನೆಯನ್ನು ಇಬ್ಬರು ಬೇಡವೆಂದು ಬಿಟ್ಟು ಹೋಗಿದ್ದರು. ಬಾವಿ ಇದೆಯೆಂದೇ ದೇವದಾಸನ ತಾಯಿ ಗುಲಾಬಿಯಮ್ಮ ಅದನ್ನು ಒಪ್ಪಿದ್ದರು.

ಗುಲಾಬಿಯಮ್ಮ ಕಾಪುವಿನ ಕಡೆಯವರು, ವಯಸ್ಸು ಎಪ್ಪತ್ತಾರು. ಬೆಳಿಗ್ಗೆ ಎದ್ದವರೇ ಬಾವಿಯ ಮುಖ ನೋಡಿ ದಿನ ಶುರು ಮಾಡಿದವರು. ಇಲ್ಲಿಯ ಬಾವಿಗೆ ಮುಖವೇ ಕಾಣದಂತೆ ಮುಚ್ಚಳ ಬಿಗಿದಿದ್ದರು. ಅವರು ದಿನವೂ ಆ ಕಬ್ಬಿಣವನ್ನೇ ತೊಳೆದು ಅದರ ಮೇಲೊಂದು ಹೂವಿಟ್ಟು ಬರುತ್ತಿದ್ದರು. ಗಂಗೆಯ ಬಾಯಿ ಮುಚ್ಚಿಸಿ ಕೂರಿಸಿದ್ದೀರಲ್ಲ, ಅವಳು ಯಾರಿಗೆ ಏನು ಮಾಡಿದ್ದಳು ಅಂತ ಮಗನನ್ನು ಒಮ್ಮೆ ಕೇಳಿದ್ದುಂಟು. ದೇವದಾಸ ನಕ್ಕುಬಿಟ್ಟಿದ್ದ.

ಪ್ರತಿ ಶನಿವಾರ ಮಧ್ಯಾಹ್ನ ಆ ಮನೆಗೆ ಮಕ್ಕಳು ಬರುತ್ತಿದ್ದರು. ಗುಲಾಬಿಯಮ್ಮ ಅವರಿಗೆ ಭಜನೆ ಹೇಳಿಕೊಡುತ್ತಿದ್ದರು, ನಡುನಡುವೆ ಕಥೆ ಹೇಳುತ್ತಿದ್ದರು. ಮಕ್ಕಳು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಫೀಸು ಎಂಬುದಿಲ್ಲ. ಒಂದು ಹೂವೋ ಒಂದು ಬಾಳೆಹಣ್ಣೋ ತಂದು ದೇವರ ಮುಂದಿಟ್ಟರೆ ಆಯಿತು. ಆ ಮನೆಗೆ ಎರಡೇ ಎರಡು ಕಟ್ಟಳೆ ಇದ್ದವು. ದೀಪ ಉರಿಯುತ್ತಿರುವಾಗ ಮನೆಯೊಳಗೆ ಯಾರೂ ಕೆಟ್ಟ ಮಾತು ಆಡಬಾರದು. ಕೆಟ್ಟ ಮಾತೆಂದರೆ ಬೈಗುಳ ಮಾತ್ರವಲ್ಲ, ಸಾವು, ಪೆಟ್ಟು, ಆಸ್ಪತ್ರೆ, ಎಲ್ಲವೂ ಸೇರಿತು. ಇನ್ನೊಂದು, ಮಕ್ಕಳನ್ನು ಎಣಿಸಬಾರದು. ಎಣಿಸಿದರೆ ದೃಷ್ಟಿಯಾಗುತ್ತದೆ.

ದೇವದಾಸನಿಗೆ ಹೆದರಿಕೆ ಹಿಡಿದದ್ದು ಸ್ಯಾನ್ ಮಟಿಯೋದ ಅವನ ಆಫೀಸಿನಲ್ಲಿ, ಊಟದ ಹೊತ್ತಿಗೆ. ಅವನ ಜೊತೆ ಕೆಲಸ ಮಾಡುವವನೊಬ್ಬ ಮಗಳ ಹುಟ್ಟುಹಬ್ಬಕ್ಕೆ ಸ್ನೇಹಿತರನ್ನು ಮನೆಗೆ ಕರೆದಿದ್ದ. ಮಹಡಿಯ ಮರದ ಕಟಕಟೆಗೆ ಒರಗಿ ನಿಂತು ನಗುತ್ತಿದ್ದ ಗೆಳೆಯ ಕಟಕಟೆಯ ಸಮೇತ ಕೆಳಗೆ ಬಿದ್ದ. ಆತ ಇನ್ನು ನಡೆಯುವುದಿಲ್ಲ. ಮನೆಯ ಇನ್ಶೂರೆನ್ಸು ಕೊಡುವಷ್ಟು ಕೊಟ್ಟು ಕೈ ತೊಳೆದುಕೊಂಡಿತು, ಉಳಿದದ್ದು ಮನೆಯವನ ತಲೆಗೆ ಬಂತು. ಮನೆ ಮಾರಿದರು. ಇಷ್ಟನ್ನು ಆ ಮನುಷ್ಯ ಡಬ್ಬಿಯ ಅನ್ನ ಕಲಸುತ್ತಾ, ಬೇರೆ ಯಾರದೋ ಕಥೆ ಎಂಬಂತೆ ಹೇಳಿದ. ಮನೆ ಹೋದದ್ದು ಹೋಯಿತು, ಆ ಗೆಳೆಯನ ಹೆಂಡತಿ ನನ್ನನ್ನು ನೋಡುವ ನೋಟ ಹೋಗುವುದಿಲ್ಲ ಎಂದು ಕೊನೆಗೆ ಹೇಳಿ ಡಬ್ಬಿ ಮುಚ್ಚಿದ.

ಅಂದಿನಿಂದ ದೇವದಾಸನಿಗೆ ತನ್ನ ಮನೆ ತನ್ನ ಮನೆಯಂತೆ ಕಾಣುವುದು ನಿಂತಿತು. ಮೆಟ್ಟಿಲಿನ ಕೊನೆಯದು ತುಸು ಸಡಿಲ. ದೇವರ ಕೋಣೆಯ ಮುಂದೆ ಎಣ್ಣೆಯ ಜಿಡ್ಡು. ನೆಲಹಾಸಿನ ಮಡಚಿದ ಮೂಲೆ. ಫ್ರೀವೇಯಲ್ಲಿ ಮುಂದಿನ ಕಾರು ಬ್ರೇಕು ಹಾಕಿದರೆ ಅದರೊಳಗೆ ಎಷ್ಟು ತಲೆ ಇವೆಯೆಂದು ಕಣ್ಣು ಹೋಗುತ್ತಿತ್ತು. ಶನಿವಾರ ಮಕ್ಕಳು ಓಡಿಯಾಡುವಾಗ ಅವನು ಹಿತ್ತಲ ಬಾಗಿಲಿಗೆ ಅಡ್ಡವಾಗಿ ನಿಂತೇ ಕಾಫಿ ಕುಡಿಯುತ್ತಿದ್ದ. ಹೆಂಡತಿ ನೀತಾ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟು. ಇಷ್ಟು ಹೆದರುವುದಾದರೆ ಯಾರನ್ನಾದರೂ ಕೇಳಿ ಏನಾದರೂ ಮಾಡಿ ಎಂದಳು. ಅವನು ಉಲ್ಲಾಸನಿಗೆ ಫೋನು ಮಾಡಿದ.

ಉಲ್ಲಾಸ ಮಂಗಳೂರಿನವನು, ಬೆರ್ರಿಯೆಸಾದಲ್ಲಿ ಇನ್ಶೂರೆನ್ಸು ಏಜೆಂಟು. ಒಂದು ಭಾನುವಾರ ಸಂಜೆ ಬಂದು ಊಟದ ಮೇಜಿಗೆ ಕಾಗದ ಹರಡಿ, ಯಾರಾದರೂ ನಿಮ್ಮ ಮನೆಯಲ್ಲಿ ಬಿದ್ದು ಸತ್ತರೆ ಎಂದು ಬಾಯಿ ತೆರೆದನೋ ಇಲ್ಲವೋ, ಗುಲಾಬಿಯಮ್ಮ ದೇವರ ಕೋಣೆಯಿಂದ ಈಚೆ ಬಂದರು. ದೀಪದ ಕಡೆ ಕೈ ತೋರಿಸಿದರು. ಇಬ್ಬರೂ ಕಾಗದ ಬಾಚಿಕೊಂಡು ಗರಾಜಿಗೆ ಹೋಗಿ ಅಕ್ಕಿಯ ಮೂಟೆಯ ಮೇಲೆ ಕುಳಿತರು. ಹೀಗೆ ಆ ಮನೆಯ ಕೆಟ್ಟ ಮಾತುಗಳೆಲ್ಲ ಗರಾಜಿನಲ್ಲಿ ನಡೆದವು.

ಉಲ್ಲಾಸ ನಿಧಾನವಾಗಿ ಬಿಡಿಸಿ ಹೇಳಿದ. ಮನೆಯ ಪಾಲಿಸಿಯಲ್ಲಿ ಹೊರಗಿನವರಿಗೆ ನಮ್ಮಿಂದಾದ ಪೆಟ್ಟಿಗೆಂದು ಒಂದು ಮಿತಿ ಇರುತ್ತದೆ, ಕಾರಿನದರಲ್ಲಿ ಇನ್ನೊಂದು. ಕೋರ್ಟು ಅದಕ್ಕಿಂತ ಹೆಚ್ಚು ಹೇಳಿದರೆ ಆ ಹೆಚ್ಚಿನದನ್ನು ಅಂಬ್ರೆಲಾ ಪಾಲಿಸಿ ಕೊಡುತ್ತದೆ. ಆದರೆ ಅದು ಮಹಡಿ ಇದ್ದ ಹಾಗೆ, ಕೆಳಗಿನ ಗೋಡೆ ಇಷ್ಟೇ ಎತ್ತರ ಇರಬೇಕೆಂದು ಮೊದಲೇ ಹೇಳುತ್ತದೆ. ದೇವದಾಸನ ಕಾರಿನ ಮಿತಿ ಆ ಎತ್ತರಕ್ಕೆ ಇರಲಿಲ್ಲ. ಅದನ್ನು ಏರಿಸದೆ ಮೇಲಿನದನ್ನು ಕೊಂಡರೆ ನಡುವಿನ ಸಂದು ಅವನ ಕೈಯಿಂದಲೇ ತುಂಬಬೇಕು. ಬಹಳ ಜನ ಇಲ್ಲೇ ಬೀಳುವುದು, ಮೇಲಿನದು ಉಂಟೆಂದು ಕೆಳಗಿನದನ್ನು ನೋಡುವುದೇ ಇಲ್ಲ ಅಂದ.

"ಇನ್ನೊಂದು ನೆನಪಿಟ್ಟುಕೋ. ನಿನ್ನ ಕಾಲು ಮುರಿದರೆ ಇದು ಒಂದು ಪೈಸೆ ಕೊಡುವುದಿಲ್ಲ. ನಿನ್ನಿಂದ ಬೇರೆಯವರ ಕಾಲು ಮುರಿಯಬೇಕು."

"ಅದೆಂತ ಇನ್ಶೂರೆನ್ಸು ಮಾರಾಯ."

"ಪಾಪದವರ ಇನ್ಶೂರೆನ್ಸು ಅಲ್ಲ ಇದು, ಪಾಪ ಮಾಡಿದವರದ್ದು," ಎಂದು ಉಲ್ಲಾಸ ನಕ್ಕ. ಬೇಕೆಂದು ಮಾಡಿದ ಪಾಪಕ್ಕೆ ಇಲ್ಲ, ಅರಿಯದೆ ಆದದ್ದಕ್ಕೆ ಮಾತ್ರ ಎಂದೂ ಸೇರಿಸಿದ. ಒಂದು ಮಿಲಿಯನ್ ಡಾಲರ್ ಸಾಕೋ ಎರಡು ಬೇಕೋ ಎಂಬ ಮಾತು ಬಂತು. ಮನೆ, ಉಳಿತಾಯ, ಮುಂದೆ ಬರುವ ಸಂಬಳ, ಕೋರ್ಟು ಎಲ್ಲಕ್ಕೂ ಕೈ ಹಾಕಬಹುದು, ವಾರಕ್ಕೊಮ್ಮೆ ಮನೆ ತುಂಬ ಪರರ ಮಕ್ಕಳು, ಎರಡೇ ಇರಲಿ ಎಂದಾಯಿತು.

ಆಮೇಲೆ ಅರ್ಜಿಯ ಪ್ರಶ್ನೆಗಳು. ಈಜುಕೊಳ ಉಂಟೇ, ನಾಯಿ ಉಂಟೇ, ಮಕ್ಕಳು ಕುಪ್ಪಳಿಸುವ ಟ್ರ್ಯಾಂಪೊಲೀನು ಉಂಟೇ. ಮನೆಯಲ್ಲಿ ವ್ಯಾಪಾರ ನಡೆಯುತ್ತದೆಯೇ. ಅದು ನಡೆಯುವುದಾದರೆ ಈ ಪಾಲಿಸಿ ಹತ್ತಿರ ಬರುವುದಿಲ್ಲ. ಭಜನೆ ಕ್ಲಾಸಿಗೆ ಬಾಳೆಹಣ್ಣು ಬಿಟ್ಟು ಬೇರೇನೂ ಬರುವುದಿಲ್ಲವೆಂದಾಗ ಉಲ್ಲಾಸ, ಬಾಳೆಹಣ್ಣಿಗೆ ತೊಂದರೆಯಿಲ್ಲ ಎಂದು ಗುರುತು ಹಾಕಿದ. ಅಷ್ಟರಲ್ಲಿ ಗುಲಾಬಿಯಮ್ಮ ಚಾ ಹಿಡಿದು ಬಂದರು.

"ಗುಲಾಬಿಯಕ್ಕ, ಎಷ್ಟು ಮಕ್ಕಳು ಬರ್ತವೆ ನಿಮ್ಮಲ್ಲಿಗೆ?"

"ಮಕ್ಕಳನ್ನು ಎಣಿಸ್ತಾರಾ ಯಾರಾದರೂ? ದೃಷ್ಟಿ ಆಗ್ತದೆ."

"ಕಂಪನಿಗೆ ದೃಷ್ಟಿ ಎಲ್ಲಿಂದ ಬರಬೇಕು ಅಕ್ಕ, ಅದಕ್ಕೆ ಕಣ್ಣೇ ಇಲ್ಲ."

ಗುಲಾಬಿಯಮ್ಮ ನಗಲಿಲ್ಲ. ಲೋಟ ಇಟ್ಟು ಹೋದರು. ಉಲ್ಲಾಸ ಸುಮಾರು ಹತ್ತು ಎಂದು ಬರೆದುಕೊಂಡ.

ಕೊನೆಗೆ ಬಾವಿ. ಇಬ್ಬರೂ ಹಿತ್ತಲಿಗೆ ಹೋದರು. ಮುಚ್ಚಳದ ಮೇಲೆ ಬೆಳಗಿನ ಹೂವು ಬಾಡಿತ್ತು. ಉಲ್ಲಾಸ ನಾಲ್ಕೂ ಬೋಲ್ಟನ್ನು ಕೈಯಿಂದ ತಿರುಗಿಸಿ ನೋಡಿದ, ಅಲುಗಲಿಲ್ಲ. ಫೋಟೋ ತೆಗೆದ. ಬಾವಿ ಇದೆ, ಶಾಶ್ವತವಾಗಿ ಮುಚ್ಚಿದೆ, ತೆಗೆಯುವುದಿಲ್ಲ ಎಂದು ಬರೆದು ದೇವದಾಸನ ಸಹಿ ಮಾಡಿಸಿದ. ಇದು ತೆರೆದಿದ್ದಾಗ ಏನಾದರೂ ಆದರೆ, ಸುಳ್ಳು ಹೇಳಿದ್ದೀರಿ ಅಂತ ಕಂಪನಿ ಎದ್ದು ಹೋಗಬಹುದು ಎಂದು ಎಚ್ಚರಿಸಿದ.

"ಅಮ್ಮನಿಗೆ ಸರಿಯಾಗಿ ಹೇಳು."

"ಹೇಳ್ತೇನೆ."

ಹೇಳಬೇಕೆಂದು ದೇವದಾಸ ಎರಡು ಸಲ ಹೋದ. ಎರಡು ಸಲವೂ ದೀಪ ಉರಿಯುತ್ತಿತ್ತು. ಹೇಳಬೇಕಾದ ಮಾತಾದರೂ ಎಂಥದ್ದು? ಮಗುವೊಂದು ಬಾವಿಗೆ ಬಿದ್ದರೆ ಎಂದು ಶುರು ಮಾಡಬೇಕು. ತನ್ನ ತಾಯಿಯ ಮುಖಕ್ಕೆ ಆ ಮಾತು ಆಡಲು ಅವನಿಗೆ ನಾಲಿಗೆ ಬರಲಿಲ್ಲ. ಮತ್ತೆ ಯೋಚಿಸಿದ, ತುಕ್ಕು ಹಿಡಿದ ಬೋಲ್ಟು, ಎಪ್ಪತ್ತಾರರ ಮುದುಕಿ, ಯಾರು ತೆಗೆಯುತ್ತಾರೆ. ಪಾಲಿಸಿ ಬಂತು. ಹಲವು ತಿಂಗಳ ಮೇಲೆ ಅವನು ಚೆನ್ನಾಗಿ ನಿದ್ದೆ ಮಾಡಿದ.

ಮನುಷ್ಯ ನಿದ್ದೆ ಮಾಡುವಾಗ ಅವನ ಹೆದರಿಕೆ ಎಲ್ಲಿ ಹೋಗಿ ಕೂರುತ್ತದೋ ದೇವರಿಗೇ ಗೊತ್ತು. ದೇವದಾಸನದು ಹೋಗಿ ಬಾವಿಯ ಕಟ್ಟೆಯ ಮೇಲೆಯೇ ಕುಳಿತಿತ್ತು.

ದೀಪಾವಳಿ ಬಂತು. ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ಕಡೆ ನೀರು ತುಂಬುವ ಹಬ್ಬ. ಬಾವಿಗೆ ಹೂವು ಬಳ್ಳಿ ಸುತ್ತಿ, ಪೂಜೆ ಮಾಡಿ, ನೀರು ಸೇದಿ, ತೊಳೆದ ಹಂಡೆಗೆ ತುಂಬಿ, ಹಂಡೆಯ ಕೊರಳಿಗೂ ಬಳ್ಳಿ ಕಟ್ಟಿ ಇಡಬೇಕು. ಆ ನೀರನ್ನು ಮರುದಿನ ಬೆಳಗಿನ ಎಣ್ಣೆಸ್ನಾನದವರೆಗೆ ಯಾರೂ ಮುಟ್ಟುವಂತಿಲ್ಲ. ಆ ವರ್ಷ ಅದು ಶನಿವಾರವೇ ಬಂತು. ನೀತಾಳಿಗೆ ಡ್ಯೂಟಿ ಇತ್ತು. ದೇವದಾಸನೂ ತುರ್ತು ಕೆಲಸವೆಂದು ಸ್ಯಾನ್ ಮಟಿಯೋಗೆ ಹೋಗಿದ್ದ.

ಎರಡು ಗಂಟೆಗೆ ಮಕ್ಕಳು ಬಂದವು. ನಿಹಾರಿಕಾ ಎಂಬ ಐದು ವರ್ಷದ ಹುಡುಗಿಯನ್ನು ಬಿಡಲು ಅವಳ ತಂದೆ ಗುರುಪ್ರಸಾದ ಬಂದ. ಮೈಸೂರಿನವನು, ಒಳ್ಳೆಯ ಮನುಷ್ಯ. ಗುಲಾಬಿಯಮ್ಮ ಬಾವಿಯ ಮುಚ್ಚಳದ ಹತ್ತಿರ ಹಗ್ಗ, ಕೊಡಪಾನ, ಹೂವು, ಬೇಲಿಯಿಂದ ಕಿತ್ತ ಕೆಂಪೆಲೆಯ ದ್ರಾಕ್ಷಿಬಳ್ಳಿ ಎಲ್ಲ ಇಟ್ಟುಕೊಂಡು ಕೈಚೆಲ್ಲಿ ನಿಂತಿದ್ದರು. ಅವನು ಹೋಗಿ ಕೇಳಿದ. ಕೇಳಿದವನ ಮುಖ ಅರಳಿತು. ಅಜ್ಜಿ, ನಮ್ಮನೇಲೂ ಇವತ್ತೇ ನೀರು ತುಂಬ್ತಿದ್ವಿ, ನಮ್ಮಮ್ಮ ಹೋದಮೇಲೆ ಬಿಟ್ಟೇಹೋಯ್ತು ಅಂದ. ಗರಾಜಿನಿಂದ ಸ್ಪ್ಯಾನರು ತಂದ, ಬೋಲ್ಟಿಗೆ ಎಣ್ಣೆ ಬಿಟ್ಟ, ಒಂದೊಂದನ್ನೇ ಬಿಚ್ಚಿದ. ಮುಚ್ಚಳ ಸರಿದು ಕೆಳಗೆ ನೀರು ಕಂಡಾಗ ಗುಲಾಬಿಯಮ್ಮ ಕೈಮುಗಿದರು. ಅವರ ಕಣ್ಣಿನಿಂದ ಎರಡು ಹನಿ ಬಾವಿಗೂ ಬಿತ್ತು.

ಮೂರು ಕೊಡಪಾನ ಸೇದಿ ಕೊಟ್ಟು ಗುರುಪ್ರಸಾದ ಮುಚ್ಚಳ ಎಳೆದ. ಪೂರಾ ಎಳೆದರೆ ಬಳ್ಳಿ ನಜ್ಜಾಗುತ್ತದೆಂದು ಗುಲಾಬಿಯಮ್ಮ ತಡೆದರು. ನಾಳೆ ಬೆಳಿಗ್ಗೆ ಇನ್ನೊಂದು ಕೊಡ ಬೇಕು, ಬೋಲ್ಟು ಹಾಕುವುದೂ ಬೇಡ ಅಂದರು. ಒಂದೂವರೆ ಗೇಣಿನ ಸಂದು ಉಳಿಯಿತು. ಅವನು ಹೋದ. ಗುಲಾಬಿಯಮ್ಮ ನಾಲ್ಕು ಬೋಲ್ಟನ್ನೂ ತೊಳೆದು, ಒರೆಸಿ, ಹಿತ್ತಾಳೆಯ ತಟ್ಟೆಯಲ್ಲಿಟ್ಟು ಕುಂಕುಮ ಹಚ್ಚಿದರು. ಗಂಗೆಯನ್ನು ಇಷ್ಟು ದಿನ ಕಾದವುಗಳಲ್ಲವೇ ಅವೂ. ಮತ್ತೆ ಒಳಗೆ ಬಂದು ಮಕ್ಕಳ ಜೊತೆ ಭಜನೆಗೆ ಕುಳಿತರು.

ಗಡಿಯಾರ ಹಿಂದಕ್ಕೆ ತಿರುಗಿಸಿದ ವಾರ ಅದು, ಐದಕ್ಕೆಲ್ಲ ಕತ್ತಲಾಗುತ್ತಿತ್ತು. ದೇವದಾಸ ಮನೆ ಸೇರಿದಾಗ ಗುಡ್ಡದ ಮೇಲೆ ಮಾತ್ರ ಸ್ವಲ್ಪ ಬೆಳಕು ಉಳಿದಿತ್ತು. ಕ್ಲಾಸು ಮುಗಿದಿತ್ತು. ತಂದೆತಾಯಿಗಳು ಬಂದು ತಮ್ಮ ತಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿಯಾಗಿತ್ತು. ಗುಲಾಬಿಯಮ್ಮ ದೇವರ ಮುಂದೆ ಕಣ್ಣು ಮುಚ್ಚಿ ಕುಳಿತಿದ್ದರು. ಅವನು ನೀರು ಕುಡಿಯಲು ಅಡುಗೆಮನೆಗೆ ಹೋದ. ಅಲ್ಲಿ ತಟ್ಟೆಯಲ್ಲಿ ನಾಲ್ಕು ಬೋಲ್ಟು, ಸಾಲಾಗಿ, ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು.

ಅದು ಏನೆಂದು ತಿಳಿಯಲು ಅವನಿಗೆ ಒಂದು ಉಸಿರು ಹಿಡಿಯಿತು. ತಿಳಿದವನೇ ಹಿತ್ತಲ ಬಾಗಿಲ ಕಡೆ ತಿರುಗಿದ.

ಅಷ್ಟರಲ್ಲಿ ಕರೆಗಂಟೆ. ನಿಹಾರಿಕಾಳ ತಾಯಿ ನಿರುಪಮಾ. ಗುರುಪ್ರಸಾದ ಕಾರಿನಲ್ಲೇ ಕುಳಿತಿದ್ದ. ತಡವಾಯಿತು, ಸಾರಿ, ಎಲ್ಲಿ ನಮ್ಮ ಹುಡುಗಿ ಎಂದು ಅವಳು ನಗುತ್ತಾ ಕೇಳಿದಳು. ದೇವದಾಸ ಒಳಗೆ ತಿರುಗಿ ನೋಡಿದ. ಭಜನೆಯ ಚಾಪೆ ಖಾಲಿ. ನಿರುಪಮಾ ಕರೆದಳು. ಉತ್ತರ ಇಲ್ಲ. ಹೋಗಿರಬೇಕು, ಯಾರ ಜೊತೆಯಾದರೂ, ಎಂದು ದೇವದಾಸ ಹೇಳಲು ಹೋಗಿ ಬಾಗಿಲ ಹತ್ತಿರ ನೋಡಿದ. ಗುಲಾಬಿ ಬಣ್ಣದ ಪುಟ್ಟ ಬೂಟು ಒಂದು ಜೊತೆ ಅಲ್ಲೇ ಇತ್ತು.

ಬೂಟು ನೋಡಿದ ನಿರುಪಮಾಳ ನಗು ನಿಂತಿತು. ಅವಳು ಮಹಡಿಗೆ ಓಡಿದಳು. ಕೋಣೆಗಳ ಬಾಗಿಲು ತೆರೆಯುವ ಸದ್ದು, ಬಚ್ಚಲುಮನೆಯ ಬಾಗಿಲು, ಅಲಮಾರಿಯ ಬಾಗಿಲು, ಪ್ರತಿ ಬಾಗಿಲಿಗೂ ಮಗಳ ಹೆಸರು. ಗುರುಪ್ರಸಾದ ಕಾರಿನಿಂದ ಇಳಿದು ಬಂದ. ಗುಲಾಬಿಯಮ್ಮ ಎದ್ದರು. ಮಕ್ಕಳೆಲ್ಲ ಹೋದರಲ್ಲ ಎಂದರು. ಎಷ್ಟು ಹೋದರೆಂದು ಅವರಿಗೆ ಗೊತ್ತಿರಲಿಲ್ಲ.

ದೇವದಾಸ ಹಿತ್ತಲಿಗೆ ಓಡಿದ. ತಟ್ಟೆಯಿಂದ ಬೋಲ್ಟುಗಳನ್ನು ಯಾವಾಗ ಕೈಗೆತ್ತಿಕೊಂಡನೋ ಗೊತ್ತಿಲ್ಲ, ನಾಲ್ಕೂ ಅವನ ಮುಷ್ಟಿಯಲ್ಲಿದ್ದವು. ಮುಚ್ಚಳದ ಸಂದಿನಲ್ಲಿ ಬಳ್ಳಿ ಒಳಗೆ ಇಳಿಬಿದ್ದಿತ್ತು. ಒಂದು ಕಡೆ ಎಲೆ ಉದುರಿ, ಯಾರೋ ಹಿಡಿದೆಳೆದ ಹಾಗೆ ಕಂಡಿತು. ಅವನು ಮುಚ್ಚಳದ ಮೇಲೆ ಹೊಟ್ಟೆ ಹಚ್ಚಿ ಮಲಗಿ ಫೋನಿನ ಟಾರ್ಚು ಬಿಟ್ಟ. ಕೆಳಗೆ ಕಪ್ಪು ನೀರು. ನೀರಿನ ಮೇಲೆ ತಿಳಿ ಬಣ್ಣದ ಏನೋ ಒಂದು, ತೇಲಿ, ನಿಧಾನವಾಗಿ ತಿರುಗುತ್ತಿತ್ತು. ಬಟ್ಟೆಯೋ, ಹೂವಿನ ಗೊಂಚಲೋ, ಬೆಳಕು ಅಷ್ಟು ಆಳಕ್ಕೆ ಸರಿಯಾಗಿ ಮುಟ್ಟುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಅವನ ಮನಸ್ಸಿಗೆ ಬಂದದ್ದನ್ನು ಹೇಳಿಬಿಡಬೇಕು. ಮೊದಲು ಬಂದದ್ದು ಮಗುವಿನ ಮುಖವಲ್ಲ. ಮೊದಲು ಬಂದದ್ದು ಆ ಫೋಟೋ, ಅದರ ಕೆಳಗೆ ತನ್ನ ಸಹಿ. ಎರಡನೆಯದಾಗಿ ಬಂದದ್ದು ಇನ್ನೂ ಕೆಟ್ಟದ್ದು. ಮುಷ್ಟಿಯಲ್ಲಿ ಬೋಲ್ಟು ಇವೆ, ಯಾರೂ ಇನ್ನೂ ಇತ್ತ ಬಂದಿಲ್ಲ, ಈಗ ಮುಚ್ಚಳ ಎಳೆದು ಬಿಗಿದುಬಿಟ್ಟರೆ. ಆ ಯೋಚನೆ ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಇತ್ತು. ಮೂರನೆಯದಾಗಿ ನಿಹಾರಿಕಾ ಬಂದಳು, ಹಲ್ಲು ಬಿದ್ದ ನಗುವಿನೊಂದಿಗೆ. ಆಗ ಅವನು ಬೋಲ್ಟುಗಳನ್ನು ಹುಲ್ಲಿಗೆ ಎಸೆದು, ಮುಚ್ಚಳವನ್ನು ಎರಡೂ ಕೈಯಿಂದ ನೂಕಿ, ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಳ್ಳತೊಡಗಿದ.

ಗುರುಪ್ರಸಾದ ಬಂದು ನಿಂತ. ಮುಚ್ಚಳ ನೋಡಿದ, ಹಗ್ಗ ನೋಡಿದ. "ನಾನೇ ಸಾರ್ ತೆಗ್ದಿದ್ದು," ಅಂದ. ಹಗ್ಗದ ಇನ್ನೊಂದು ತುದಿಯನ್ನು ಕೈಗೆ ಸುತ್ತಿಕೊಂಡು, ಕಟ್ಟೆಗೆ ಕಾಲು ಒತ್ತಿ ಹುಲ್ಲಿನ ಮೇಲೆ ಕುಳಿತ.

ಹಿತ್ತಲ ಬಾಗಿಲಲ್ಲಿ ಗುಲಾಬಿಯಮ್ಮ ನಿಂತಿದ್ದರು. ತಾವು ಪೂಜೆ ಮಾಡಿದ ಬಾವಿಯೊಳಗೆ ಮಗ ಇಳಿಯಲು ಹೊರಟಿದ್ದು ಅವರಿಗೆ ಕಂಡಿತು. ಯಾಕೆಂಬುದೂ ತಿಳಿಯಿತು. ಅವರ ತುಟಿ ಅಲುಗುತ್ತಿತ್ತು. ಯಾವ ದೇವರ ಹೆಸರು ಹೇಳುತ್ತಿದ್ದರೋ, ಹೇಳುತ್ತಾ ಹೇಳುತ್ತಾ ಅಲ್ಲೇ ನಿಂತರು. ಎರಡು ಗಂಟೆಯಿಂದ ಈಚೆಗೆ ಆ ಹುಡುಗಿಯನ್ನು ಎಲ್ಲೆಲ್ಲಿ ಕಂಡಿದ್ದೆ ಎಂದು ಅವರ ಮನಸ್ಸು ಹಿಂದಕ್ಕೆ ಹೋಗುತ್ತಿರಬೇಕು. ತಟಕ್ಕನೆ ತಿರುಗಿ, ಆ ವಯಸ್ಸಿನಲ್ಲಿ ಓಡಬಾರದ ಹಾಗೆ ಓಡಿದರು.

ಮಹಡಿಯ ಬಚ್ಚಲುಮನೆ. ನಿರುಪಮಾ ಒಮ್ಮೆ ಬಾಗಿಲು ತೆರೆದು ಕರೆದು ಹೋಗಿದ್ದಳು. ಗುಲಾಬಿಯಮ್ಮ ಸ್ನಾನದ ತೊಟ್ಟಿಯ ಪರದೆ ಎಳೆದರು. ಒಣ ತೊಟ್ಟಿಯೊಳಗೆ ಬಳ್ಳಿ ಸುತ್ತಿದ ತಾಮ್ರದ ಹಂಡೆ. ಹಂಡೆಯನ್ನು ಎರಡೂ ಕೈಯಿಂದ ತಬ್ಬಿ, ತುಟಿ ಬಿಗಿದು, ಕಣ್ಣು ಅಗಲಿಸಿ ನಿಹಾರಿಕಾ ಕುಳಿತಿದ್ದಳು. ಮಧ್ಯಾಹ್ನ ಹಂಡೆ ತುಂಬುವಾಗ ಅವಳು ಹಿಂದೆ ಬಂದಿದ್ದಳು. ಗುಲಾಬಿಯಮ್ಮ ತಮಾಷೆಗೆ, ಈ ನೀರನ್ನು ಯಾರೂ ಮುಟ್ಟದ ಹಾಗೆ ನೋಡಿಕೋ, ಯಾರು ಕರೆದರೂ ಮಾತಾಡಬಾರದು ಎಂದಿದ್ದರು. ಈ ಮಕ್ಕಳಿಗೆ ಅದೆಲ್ಲ ಎಲ್ಲಿ ತಿಳಿಯುತ್ತದೆ ಎಂದುಕೊಂಡು ಮರೆತಿದ್ದರು. ಭಜನೆ ಮುಗಿದು ಮಕ್ಕಳು ಏಳುವ ಗಡಿಬಿಡಿಯಲ್ಲಿ ಹುಡುಗಿ ತನ್ನ ಕೆಲಸಕ್ಕೆ ಹೋಗಿದ್ದಳು.

ತಾಯಿ ಎತ್ತಿಕೊಂಡ ಮೇಲೂ ಅವಳು ಅಜ್ಜಿಯ ಮುಖ ನೋಡಿದಳು, ಮಾತಾಡಬಹುದೇ ಎಂದು. "ಅಜ್ಜಿ ಸೆಡ್ ಡೋಂಟ್ ಟಾಕ್," ಎಂದು ಕೊನೆಗೆ ಪಿಸುಗುಟ್ಟಿದಳು.

ನಿರುಪಮಾ ಕೂಗಾಡಲಿಲ್ಲ. ಮಗಳನ್ನು ಎತ್ತಿಕೊಂಡೇ ಕೆಳಗಿಳಿದಳು, ಹಿತ್ತಲಿಗೆ ಹೋದಳು. ತೆರೆದ ಬಾವಿ ಕಂಡಿತು, ಸೊಂಟಕ್ಕೆ ಹಗ್ಗ ಕಟ್ಟಿದ ದೇವದಾಸ ಕಂಡ, ಹುಲ್ಲಿನ ಮೇಲೆ ಕುಳಿತ ತನ್ನ ಗಂಡ ಕಂಡ. ಎಷ್ಟು ಹೊತ್ತು ಹಾಗೆ ತೆರೆದಿತ್ತೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ವಾಪಸು ಬಂದು ಗುಲಾಬಿಯಮ್ಮನ ಎದುರು ನಿಂತಳು.

"ಅಮ್ಮ, ನಿಮ್ಮನ್ನ ನಂಬಿ ಬಿಟ್ಟುಹೋಗ್ತಿದ್ವಿ."

ಅಷ್ಟೇ. ಮಗಳಿಗೆ ಬೂಟನ್ನೂ ಹಾಕಲಿಲ್ಲ, ಕೈಯಲ್ಲಿ ಹಿಡಿದುಕೊಂಡು ಕಾರಿಗೆ ಹೋದಳು. ಗುರುಪ್ರಸಾದ ಹೋಗುವ ಮೊದಲು ಹುಲ್ಲಿನಲ್ಲಿ ಮೂರು ಬೋಲ್ಟು ಹುಡುಕಿದ, ನಾಲ್ಕನೆಯದನ್ನು ದೇವದಾಸ ಹುಡುಕಿದ. ಇಬ್ಬರೂ ಸೇರಿ ಮುಚ್ಚಳ ಎಳೆದರು. ಬೋಲ್ಟು ತಿರುಪಿಗೆ ಕೂರದೆ ಗುರುಪ್ರಸಾದನ ಬೆರಳಿನಿಂದ ಮತ್ತೆ ಮತ್ತೆ ಜಾರುತ್ತಿತ್ತು. ನೀರಿನ ಮೇಲೆ ತಿರುಗುತ್ತಿದ್ದದ್ದು ಸೇವಂತಿಗೆಯ ಮಾಲೆ.

ಮರುದಿನ ಆ ಮನೆಯಲ್ಲಿ ಎಣ್ಣೆಸ್ನಾನ ಆಗಲಿಲ್ಲ. ಹಂಡೆಯ ನೀರು ಹಂಡೆಯಲ್ಲೇ ಉಳಿಯಿತು. ಗುಲಾಬಿಯಮ್ಮ ನೀರು ಕಂಡ ಕಡೆ ನೋಡದೆ ನಡೆಯುತ್ತಿದ್ದರು. ತಟ್ಟೆಯ ಸದ್ದಾದರೂ ಬೆಚ್ಚುತ್ತಿದ್ದರು. ಏನೂ ಆಗಲಿಲ್ಲವಲ್ಲ ಎಂದು ನೀತಾ ಸಮಾಧಾನ ಹೇಳಿದರೆ, ಆಗಲಿಲ್ಲ ಎಂದು ಅವರೂ ಹೇಳುತ್ತಿದ್ದರು, ಹೇಳಿ ಮತ್ತೆ ಹೋಗಿ ಸ್ನಾನದ ತೊಟ್ಟಿಯ ಪರದೆ ಸರಿಸಿ ನೋಡಿ ಬರುತ್ತಿದ್ದರು.

ದೇವದಾಸ ಬೆರ್ರಿಯೆಸಾಕ್ಕೆ ಹೋಗಿ ಉಲ್ಲಾಸನಿಗೆ ಎಲ್ಲ ಹೇಳಿದ. ಉಲ್ಲಾಸ ಬಹಳ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದ. ಏನೂ ಆಗಿಲ್ಲ, ಯಾರೂ ಕೇಳಿಲ್ಲ, ಬೋಲ್ಟು ಮತ್ತೆ ಬಿಗಿದಾಗಿದೆ, ಬೇಕಾದರೆ ಸುಮ್ಮನಿರಬಹುದು, ಆದರೆ ಬರೆದದ್ದು ಒಮ್ಮೆ ಸುಳ್ಳಾಗಿದೆ, ಇನ್ನೊಮ್ಮೆ ಆಗುವುದಿಲ್ಲ ಅಂತ ನಾನು ಹೇಗೆ ಹೇಳಲಿ ಎಂದ.

"ಉಲ್ಲಾಸ, ನನಗೆ ಆಗ ಮೊದಲು ನಿನ್ನ ಫೋಟೋ ನೆನಪಾಯಿತು. ಮಗು ಆಮೇಲೆ."

ಉಲ್ಲಾಸ ಇದಕ್ಕೆ ತಮಾಷೆ ಮಾಡಲಿಲ್ಲ. ಕಂಪನಿಗೆ ಬರೆಯುವ ಎಂದಷ್ಟೇ ಹೇಳಿದ.

ಬರೆದರು. ಕಂಪನಿಯ ಉತ್ತರ ಬಂತು. ಬಾವಿಯನ್ನು ಲೈಸೆನ್ಸು ಇದ್ದವರಿಂದ ಪೂರ್ತಿ ತುಂಬಿಸಬೇಕು, ಅಥವಾ ಮುಚ್ಚಳವನ್ನು ಬೆಸುಗೆ ಹಾಕಿಸಿ ಸುತ್ತ ಬೀಗದ ಬೇಲಿ ಕಟ್ಟಿಸಬೇಕು. ಎರಡರಲ್ಲಿ ಒಂದನ್ನು ಮಾಡಿ ಹೊಸ ಅರ್ಜಿ ಕೊಡದಿದ್ದರೆ ಅಂಬ್ರೆಲಾ ಪಾಲಿಸಿ ಇಲ್ಲ. ದೇವದಾಸ ಆ ಕಾಗದವನ್ನು ಗರಾಜಿಗೆ ಒಯ್ಯಲಿಲ್ಲ. ತಾಯಿಯ ಎದುರು ಕುಳಿತು, ಒಂದೊಂದು ಸಾಲನ್ನೂ ತುಳುವಿನಲ್ಲಿ ಹೇಳಿದ. ಮೊದಲು ಬರೆದುಕೊಟ್ಟದ್ದೇನು, ಹೇಳದೆ ಉಳಿಸಿದ್ದೇನು, ಅದನ್ನೂ ಹೇಳಿದ. ಎಲ್ಲ ಕೇಳಿ ಗುಲಾಬಿಯಮ್ಮ ಅಂದರು.

"ಇದನ್ನು ಮೊದಲೇ ಹೇಳಿದ್ದರೆ ನಾನು ಮುಟ್ಟುತ್ತಿದ್ದೆನಾ?"

"ದೀಪ ಉರಿಯುತ್ತಿತ್ತಮ್ಮ."

ಅವರು ಎದ್ದು ಹೋಗಿ ಹಿತ್ತಲ ಕಿಟಕಿಯಲ್ಲಿ ನಿಂತರು. ತುಂಬಿಸುವುದು ಬೇಡ, ಅವಳ ಮೇಲೆ ಮಣ್ಣು ಹಾಕುವುದು ಬೇಡ, ಬೆಸುಗೆ ಹಾಕಿ ಬೇಲಿ ಕಟ್ಟಿ ಎಂದರು. ಬರುವ ವರ್ಷ ನೀರು ತುಂಬುವುದಕ್ಕೆ ಏನು ಮಾಡುವುದು ಎಂದು ದೇವದಾಸ ಮೆಲ್ಲಗೆ ಕೇಳಿದ. ನಳದ್ದೂ ನೀರೇ, ಅಲ್ಲಿಗೆ ಬರಲು ಗಂಗೆಗೇನು ದಾರಿ ಗೊತ್ತಿಲ್ಲವೇ ಎಂದರು. ಹಾಗೆ ಹೇಳುವಾಗ ಅವರ ಕೈ ಕಿಟಕಿಯ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು.

ಬೆಸುಗೆಯಾಯಿತು, ಬೇಲಿಯೂ ಆಯಿತು. ಮೂರು ಶನಿವಾರ ನಿಲ್ಲಿಸಿದ್ದ ಭಜನೆ ನಾಲ್ಕನೆಯ ಶನಿವಾರ ಮತ್ತೆ ಶುರುವಾಯಿತು. ಆ ದಿನವೇ ಉಲ್ಲಾಸ ಹೊಸ ಅರ್ಜಿ ಹಿಡಿದು ಬಂದ. ಬಂದವನು ಅಭ್ಯಾಸಬಲದಿಂದ ನೇರ ಗರಾಜಿನ ಬಾಗಿಲಿಗೆ ಹೊರಟ. ಗುಲಾಬಿಯಮ್ಮ ತಡೆದರು. ದೇವರ ಕೋಣೆಯ ಎದುರು ಮಣೆ ಹಾಕಿ ಕೂರಿಸಿದರು. ದೀಪ ಉರಿಯುತ್ತಿತ್ತು. ಹಾಲಿನಲ್ಲಿ ಮಕ್ಕಳು ಚಾಪೆ ಹಾಸಿಕೊಳ್ಳುತ್ತಿದ್ದವು.

"ಇಲ್ಲೇ ಓದು. ನನಗೆ ತಿಳಿಯುವ ಹಾಗೆ ಓದು."

ಉಲ್ಲಾಸ ದೇವದಾಸನ ಮುಖ ನೋಡಿದ, ಮತ್ತೆ ತಗ್ಗಿದ ದನಿಯಲ್ಲಿ ಓದತೊಡಗಿದ. ಮೆಟ್ಟಿಲಿನಿಂದ ಯಾರಾದರೂ ಬಿದ್ದರೆ. ಎಣ್ಣೆಯಲ್ಲಿ ಜಾರಿದರೆ. ದೀಪದಿಂದ ಬೆಂಕಿ ತಗಲಿದರೆ. ಕಾರಿನಿಂದ ಯಾರಾದರೂ ಸತ್ತರೆ. ನೀರಿನಲ್ಲಿ ಮಗು ಮುಳುಗಿದರೆ. ಪ್ರತಿ ಮಾತಿಗೂ ಗುಲಾಬಿಯಮ್ಮನ ಹೆಗಲು ಸಣ್ಣಗೆ ಅದುರುತ್ತಿತ್ತು. ಆದರೆ ಕಣ್ಣು ದೀಪದ ಮೇಲಿಂದ ತೆಗೆಯಲಿಲ್ಲ. ದೀಪ ಹಾಗೆಯೇ ಉರಿಯುತ್ತಿತ್ತು. ಬಾವಿಯ ಪ್ರಶ್ನೆ ಬಂದಾಗ ದೇವದಾಸ ಬಾಯಿ ತೆರೆಯುವ ಮೊದಲೇ ಅವರು ಹೇಳಿದರು: ಬಾವಿ ಉಂಟು, ಒಮ್ಮೆ ತೆಗೆಸಿದ್ದು ನಾನು, ಹಾಗಂತಲೇ ಬರೆ.

ಕೊನೆಯ ಪ್ರಶ್ನೆಗೆ ಬಂದು ಉಲ್ಲಾಸ ಪೆನ್ನು ನಿಲ್ಲಿಸಿದ. ಕೇಳಲೋ ಬೇಡವೋ ಎಂದು ಅನುಮಾನಿಸಿದ.

"ಅಕ್ಕ, ಮಕ್ಕಳು ಎಷ್ಟು?"

ಗುಲಾಬಿಯಮ್ಮ ಎದ್ದು ಹಾಲಿನ ಬಾಗಿಲಿಗೆ ಬಂದರು. ಕೈ ಎತ್ತಿ, ಬೆರಳು ಚಾಚಿ, ಒಂದೊಂದೇ ತಲೆಯನ್ನು ತೋರಿಸುತ್ತಾ ಗಟ್ಟಿಯಾಗಿ ಎಣಿಸಿದರು. ಹಾಗೆ ಎಣಿಸುವುದು ಅವರ ಜನ್ಮದಲ್ಲೇ ಮೊದಲು. ಮಕ್ಕಳು ಆಟವೆಂದು ತಿಳಿದು ತಮ್ಮ ಸರದಿ ಬಂದಾಗ ಕೈಯೆತ್ತಿದವು. ಹತ್ತಕ್ಕೆ ಎಣಿಕೆ ನಿಂತಿತು. ಅವರ ಬೆರಳು ಇನ್ನೂ ಒಂದಿಷ್ಟು ಹೊತ್ತು ಚಾಪೆಯ ತುದಿಯ ಖಾಲಿ ಜಾಗದ ಮೇಲೆ ನಿಂತಿತ್ತು. ಹೊರಬಾಗಿಲ ಹತ್ತಿರ ಬೂಟುಗಳ ಸಾಲಿನಲ್ಲಿ ಗುಲಾಬಿ ಬಣ್ಣದ್ದು ಇರಲಿಲ್ಲ. ರಸ್ತೆಯಲ್ಲಿ ಯಾವುದೋ ಕಾರಿನ ಸದ್ದಾಯಿತು, ನಿಧಾನವಾಯಿತು, ಮುಂದೆ ಹೋಯಿತು.

"ಹತ್ತಾ ಅಕ್ಕ?"

"ಒಂದು ಬರಬೇಕು," ಎಂದರು ಗುಲಾಬಿಯಮ್ಮ. "ಹನ್ನೊಂದು ಬರೆ."